ಒಂದು ಪರದೆ, ನಲವತ್ತು ಊಹೆ

ಸ್ಮಾರ್ಟ್ ಕ್ಲಾಸ್ ಬಂತು, ಟಿವಿ ಗೋಡೆಗೇರಿತು. ಮುಂದೇನು? ಬಿಡಿಗಾಸು ಖರ್ಚಿಲ್ಲದೆ ಸಿಗುವ, ಕನ್ನಡ ಮಾಧ್ಯಮದ ತರಗತಿಗೂ ಒಗ್ಗುವ ಆನ್‌ಲೈನ್ ಸಲಕರಣೆಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಯಾವ ಪ್ರೌಢಶಾಲೆಗೆ ಬೇಕಾದರೂ ಹೋಗಿ, ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿ. ಒಂದು ಬ್ಯಾಟರಿ, ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಬಲ್ಬು. ಯಾವುದು ಹೆಚ್ಚು ಬೆಳಗುತ್ತದೆ? ‘ಮೊದಲನೇದು ಸಾರ್’ ಎನ್ನುವ ಕೈಗಳು ತಟ್ಟನೆ ಏಳುತ್ತವೆ. ಯಾಕೆ ಎಂದು ಕೇಳಿದರೆ ಉತ್ತರವೂ ಸಿದ್ಧ. ಮೊದಲ ಬಲ್ಬಿನಲ್ಲಿ ಒಂದಷ್ಟು ಕರೆಂಟು ಖರ್ಚಾಗುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ! ಓಮನ ನಿಯಮವನ್ನು ತಡವರಿಸದೆ ಒಪ್ಪಿಸುವ, ಲೆಕ್ಕದಲ್ಲಿ ಪೂರ್ತಿ ಅಂಕ ತೆಗೆಯುವ ಮಕ್ಕಳೂ ಹೀಗೇ ಹೇಳುತ್ತಾರೆ. ಇದು ನಮ್ಮ ಊರಿನ ಮಕ್ಕಳ ತಪ್ಪಲ್ಲ. ಭೌತವಿಜ್ಞಾನ ಕಲಿಸುವವರು ಜಗತ್ತಿನ ಎಲ್ಲೆಡೆ ಈ ಉತ್ತರವನ್ನು ಕೇಳಿದ್ದಾರೆ.

ಬೋರ್ಡಿನ ಮೇಲೆ ಚಿತ್ರ ಬರೆದು ‘ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲ ಕಡೆ ಒಂದೇ’ ಎಂದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಆದರೆ ನಂಬುವುದಿಲ್ಲ. ನಂಬಬೇಕಾದರೆ ತಮ್ಮ ಊಹೆ ಕೈಕೊಡುವುದನ್ನು ತಾವೇ ಕಣ್ಣಾರೆ ನೋಡಬೇಕು. ಶಿಕ್ಷಕರಿಗೆಂದು ಇಂದು ಸಾವಿರಾರು ಆ್ಯಪ್‌ಗಳೂ ಜಾಲತಾಣಗಳೂ ಇವೆ. ಅವುಗಳನ್ನು ಅಳೆಯಲು ನಾನು ಹಿಡಿದಿರುವ ಕೋಲು ಒಂದೇ: ಮಗು ಮೊದಲು ಊಹಿಸಿ ಆಮೇಲೆ ನೋಡುವಂತೆ ಮಾಡಲು ಇದು ಮೇಷ್ಟ್ರಿಗೆ ನೆರವಾಗುತ್ತದೆಯೇ? ಇಲ್ಲವೆಂದಾದರೆ ಎಷ್ಟೇ ಬಣ್ಣವಿರಲಿ, ಸಂಗೀತವಿರಲಿ, ಅದು ಇನ್ನೊಂದು ವಿಡಿಯೊ ಅಷ್ಟೆ.

ಬ್ಯಾಟರಿಗೆ ಬೆಂಕಿ ಹತ್ತಲಿ ಬಿಡಿ

ಈ ಅಳತೆಗೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುವುದು ‘ಫೆಟ್’. ಬೋಸ್–ಐನ್‌ಸ್ಟೈನ್ ಸಾಂದ್ರೀಕರಣದ ಕೆಲಸಕ್ಕಾಗಿ 2001ರಲ್ಲಿ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್, ಬಹುಮಾನದ ಹಣದ ಒಂದು ಭಾಗವನ್ನೂ ಹಾಕಿ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಭೌತ, ರಸಾಯನ, ಜೀವವಿಜ್ಞಾನ, ಗಣಿತ ಎಲ್ಲ ಸೇರಿ, ಪರದೆಯ ಮೇಲೇ ಮಾಡಿ ನೋಡುವ 150ಕ್ಕೂ ಹೆಚ್ಚು ಪ್ರಯೋಗಗಳು ಇಂದು ಇದರಲ್ಲಿವೆ. ನೋಂದಣಿ ಇಲ್ಲದೆ ತೆರೆಯಬಹುದು. ಒಂದೊಂದು ಪ್ರಯೋಗವನ್ನೂ ಒಂದೇ ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಸಾಮಾನ್ಯ ಬ್ರೌಸರಿನಲ್ಲೇ, ನೆಟ್ ಇಲ್ಲದೆ, ಓಡುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಶಾಲೆಯಲ್ಲಿ ಪಾಠ ಮಾಡುವವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ವಿದ್ಯುತ್ ಮಂಡಲ ಕಟ್ಟುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯಿಂದ ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಬೇಕು. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಒಂದೇ ಬಲ್ಬು ಹಾಕಿದರೆ ಅಮ್ಮೀಟರ್ 0.9 ಆಂಪಿಯರ್ ತೋರಿಸುತ್ತದೆ. ಈಗ ಕೈ ತೆಗೆದು, ಪರದೆಯತ್ತ ಬೆನ್ನು ಮಾಡಿ ನಿಂತು ಕೇಳಿ: ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಏನಾಗುತ್ತದೆ? ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಲಿ, ಅಕ್ಕಪಕ್ಕದವರೊಂದಿಗೆ ಜಗಳವಾಡಲಿ. ಆಮೇಲೆ ಜೋಡಿಸಿ. ಎರಡೂ ಬಲ್ಬು ಒಂದೇ ಸಮನಾಗಿ ಮಂಕಾಗುತ್ತವೆ. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ ಇಟ್ಟರೂ 0.45, ಎರಡರ ನಡುವೆ ಇಟ್ಟರೂ 0.45, ಕೊನೆಯಲ್ಲಿ ಇಟ್ಟರೂ 0.45. ತಂತಿಯೊಳಗೆ ಸಾಲಾಗಿ ಸರಿಯುವ ನೀಲಿ ಎಲೆಕ್ಟ್ರಾನುಗಳಲ್ಲಿ ಒಂದೂ ಕಾಣೆಯಾಗುವುದಿಲ್ಲ.

ಅದೇ ಎರಡು ಬಲ್ಬನ್ನು ಸಮಾಂತರವಾಗಿ ಜೋಡಿಸಿ. ಎರಡೂ ಮೊದಲಿನಷ್ಟೇ ಪ್ರಕಾಶ, ಬ್ಯಾಟರಿಯ ಬಾಯಲ್ಲಿ ಮಾತ್ರ 1.8 ಆಂಪಿಯರ್. ಅಡುಗೆಮನೆಯ ಲೈಟು ಹಾಕಿದರೆ ನಡುಮನೆಯ ಲೈಟು ಯಾಕೆ ಮಂಕಾಗುವುದಿಲ್ಲ ಎಂಬ ಪ್ರಶ್ನೆಗೆ ಇಲ್ಲಿಂದ ಒಂದೇ ಹೆಜ್ಜೆ. ಬೇಕೆಂದೇ ಬ್ಯಾಟರಿಯ ಎರಡು ತುದಿಗೂ ಬರಿಯ ತಂತಿ ಕೊಟ್ಟರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ತರಗತಿ ಕಿರುಚುತ್ತದೆ, ಕಿರುಚಲಿ. ಶಾರ್ಟ್ ಸರ್ಕ್ಯೂಟ್ ಎಂಬುದನ್ನು ಅವರು ಇನ್ನು ಮರೆಯುವುದಿಲ್ಲ. ನಾಣ್ಯ, ರಬ್ಬರು, ಪೆನ್ಸಿಲ್‌ಗಳನ್ನೂ ಮಂಡಲದ ನಡುವೆ ಇಟ್ಟು ನೋಡಲು ಅವಕಾಶವಿದೆ. ಪೆನ್ಸಿಲಿನ ಬಗ್ಗೆ ಮತ ಕೇಳಿ, ತರಗತಿ ಎರಡು ಪಕ್ಷವಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಒತ್ತಾಯವನ್ನೂ ಹೇಳಬೇಕು. ಟಾರ್ಚಿನ ಸೆಲ್ಲು, ಸಣ್ಣ ಬಲ್ಬು, ತಂತಿ ಮಕ್ಕಳ ಕೈಗೆ ಮೊದಲು ಬರಬೇಕು, ಪರದೆ ಆಮೇಲೆ. ಪರದೆಯ ಬಲ್ಬಿನ ರೋಧ ಬದಲಾಗುವುದಿಲ್ಲ. ನಿಜವಾದ ಬಲ್ಬಿನ ತಂತು ಕಾದಂತೆ ರೋಧ ಏರುತ್ತದೆ, ಆದ್ದರಿಂದ ಅಳತೆ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಎಲೆಕ್ಟ್ರಾನುಗಳ ಗಾತ್ರವೂ ವೇಗವೂ ಕಲ್ಪನೆಯವು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಈಚೆಗೆ ಕೆಲವೆಡೆ ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿ, ಅದರ ಬದಲು ಟಿವಿ ತೋರಿಸುವ ಚಾಳಿ ಶುರುವಾಗಿದೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಕಸದಿಂದ ರಸ ತೆಗೆದಂತೆ ಬೆಂಕಿಪೊಟ್ಟಣ, ಸ್ಟ್ರಾ, ಸೈಕಲ್ ಟ್ಯೂಬುಗಳಿಂದ ವಿಜ್ಞಾನದ ಆಟಿಕೆ ಮಾಡಿಸುವ ಅರವಿಂದ ಗುಪ್ತ ಅವರ ಜಾಲತಾಣವನ್ನು ಫೆಟ್‌ನ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿನ ಪುಸ್ತಕ, ವಿಡಿಯೊ ಎಲ್ಲವೂ ಉಚಿತ.

ಗಣಿತದವರಿಗೆ ಇಂಥದೇ ಒಡನಾಡಿ ಜಿಯೊಜೀಬ್ರ ಎಂಬ ತಂತ್ರಾಂಶ. ಆಸ್ಟ್ರಿಯಾದ ಮಾರ್ಕುಸ್ ಹೋಹನ್‌ವಾರ್ಟರ್ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಟ್ಟಿದ್ದು. ಅರ್ಧವೃತ್ತದ ಮೇಲೊಂದು ಬಿಂದು ಇಟ್ಟು, ವ್ಯಾಸದ ಎರಡು ತುದಿಗೂ ಗೆರೆ ಎಳೆದು, ಬಿಂದುವನ್ನು ಬೆರಳಿನಿಂದ ಎಳೆಯುತ್ತ ಹೋಗಿ. ತ್ರಿಭುಜದ ಆಕಾರ ಬದಲಾಗುತ್ತಲೇ ಇರುತ್ತದೆ, ಕೋನ 90 ಡಿಗ್ರಿಯಿಂದ ಕದಲುವುದಿಲ್ಲ. ‘ಯಾಕೆ ಕದಲೋದಿಲ್ಲ ಮಿಸ್?’ ಎಂದು ಒಂದು ಮಗು ಕೇಳಿದರೆ ಪ್ರಮೇಯವನ್ನು ಸಾಧಿಸಲು ಅದೇ ಮುಹೂರ್ತ. ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ಸಾಧನೆ ಮೊದಲು ಬರುತ್ತದೆ, ಪ್ರಶ್ನೆ ಬರುವುದೇ ಇಲ್ಲ.

ಮೊಬೈಲ್ ಒಂದೇ ಸಾಕು

ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠ ಎಂದಾಗ ಎಷ್ಟು ಮನೆಗಳಲ್ಲಿ ಒಂದು ಸ್ಮಾರ್ಟ್‌ಫೋನ್ ಕೂಡ ಇಲ್ಲ ಎಂಬುದು ಕಣ್ಣಿಗೆ ರಾಚಿತು. 2020ರ ‘ವಿದ್ಯಾಗಮ’ ಯೋಜನೆಯಲ್ಲಿ ನಮ್ಮ ಶಿಕ್ಷಕರು ಮಕ್ಕಳಿರುವ ಕಡೆಗೇ ಹೋಗಿ, ದೇವಸ್ಥಾನದ ಜಗುಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದ್ದು ಅದೇ ಕಾರಣಕ್ಕೆ. ಆದ್ದರಿಂದ ಪ್ರತಿ ಮಗುವಿನ ಕೈಯಲ್ಲೂ ಫೋನ್ ಬೇಡುವ ಸಲಕರಣೆ ನಮ್ಮ ಸರ್ಕಾರಿ ಶಾಲೆಗೆ ಹೊಂದುವುದಿಲ್ಲ.

‘ಪ್ಲಿಕರ್ಸ್’ ನನಗೆ ಮೆಚ್ಚುಗೆಯಾಗುವುದು ಇಲ್ಲಿ. ಅಮೆರಿಕದ ಗಣಿತ ಶಿಕ್ಷಕರೊಬ್ಬರ ತಲೆಯಲ್ಲಿ ಹುಟ್ಟಿದ್ದು. ಜಾಲತಾಣದಿಂದ ಒಂದು ಕಂತೆ ಕಾರ್ಡುಗಳನ್ನು ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಮಕ್ಕಳಿಗೆ ಹಂಚಬೇಕು. ಕಾರ್ಡಿನ ನಡುವೆ ಕ್ಯುಆರ್ ಕೋಡಿನಂಥ ಕಪ್ಪು ಚಿತ್ರ, ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ. ಬೋರ್ಡಿನ ಮೇಲೆ ಪ್ರಶ್ನೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯುತ್ತದೆ. ಮೇಷ್ಟ್ರು ಮುಂದೆ ನಿಂತು ತಮ್ಮ ಮೊಬೈಲಿನ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಆಡಿಸಿದರೆ ಸಾಕು, ಯಾರ ಉತ್ತರ ಏನು ಎಂಬುದು ಅವರ ಪರದೆಯಲ್ಲಿ ಮೂಡುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರವೂ ಬೇರೆ, ಅಕ್ಷರವೂ ಚಿಕ್ಕದು. ಹಾಗಾಗಿ ಪಕ್ಕದವಳದ್ದನ್ನು ನೋಡಿ ನಕಲು ಹೊಡೆಯುವುದು ಸುಲಭವಲ್ಲ. ಉತ್ತರ ತಪ್ಪಾದರೆ ತರಗತಿಯ ಮುಂದೆ ನಗೆಪಾಟಲಾಗುವ ಭಯವೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತು ವರ್ಷವಿಡೀ ಬಾಯಿ ಬಿಡದ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂಬುದು ಶಿಕ್ಷಕರಿಗೆ ಅದೇ ಕ್ಷಣ ಗೊತ್ತಾಗುತ್ತದೆ. ಇಷ್ಟು ಸಾಧ್ಯವಾದರೆ ಅರ್ಧ ಪಾಠ ಗೆದ್ದಂತೆ.

ಇದನ್ನು ಪರೀಕ್ಷೆಯಂತೆ ಬಳಸಿದರೆ ಮಾತ್ರ ಸೊಗಸೆಲ್ಲ ಹಾಳು. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಪದ್ಧತಿಯೊಂದಿದೆ. ಪ್ರಶ್ನೆ ಹಾಕು, ಎಲ್ಲರ ಮತ ಪಡೆ, ಸರಿಯುತ್ತರ ಹೇಳಬೇಡ. ಎರಡು ನಿಮಿಷ ಅಕ್ಕಪಕ್ಕದವರಿಗೆ ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲು ಬಿಡು. ಮತ್ತೆ ಮತ ಪಡೆ. ಎರಡು ಬಲ್ಬಿನ ಪ್ರಶ್ನೆಯನ್ನು ಹೀಗೆ ಕೇಳಿದರೆ ಎರಡನೇ ಸುತ್ತಿನ ಮತಗಳು ಎತ್ತ ಸರಿದವು ಎಂಬುದೇ ಮುಂದಿನ ಹತ್ತು ನಿಮಿಷದ ಪಾಠ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ಕಾರ್ಡುಗಳನ್ನು ಕಂಡ ನಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ರಟ್ಟಿನ ಕಾರ್ಡಿನಿಂದ ಕಲಿಸುವುದೇನೂ ಹೊಸತಲ್ಲ.

ಪ್ಲಿಕರ್ಸ್‌ನ ಉಚಿತ ಖಾತೆಗೆ ಪ್ರಶ್ನೆಗಳ ಸಂಖ್ಯೆಯಲ್ಲಿ ಮಿತಿ ಇದೆ. ಒಂದು ಪೀರಿಯಡ್‌ಗೆ ಮೂರು ಒಳ್ಳೆಯ ಪ್ರಶ್ನೆ ಧಾರಾಳವಾಗಿ ಸಾಕಾಗುವುದರಿಂದ ಅದು ತೊಡಕಾಗದು. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿ ಜಗತ್ತಿಗೆ ಹಬ್ಬಿದ ‘ಕ್ವಿಜಿಜ್’ (ಈಗ ಅದರ ಹೆಸರು ‘ವೇಗ್ರೌಂಡ್’) ಕೂಡ ಇಂಥ ಕಾರ್ಡಿನ ವಿಧಾನ ಒದಗಿಸಿದೆ.

ಕಾರಿಡಾರಿನಲ್ಲಿ ಶಬ್ದ, ಪರದೆಯಲ್ಲಿ ಗ್ರಹಣ

ಜರ್ಮನಿಯ ಆಕನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಆ್ಯಪ್ ಮೊಬೈಲಿನೊಳಗಿನ ಸೆನ್ಸರ್‌ಗಳನ್ನೇ ಪ್ರಯೋಗಾಲಯದ ಉಪಕರಣವಾಗಿಸುತ್ತದೆ. ಜಾಹೀರಾತಿಲ್ಲ, ಶುಲ್ಕವಿಲ್ಲ. ಒಂಬತ್ತನೇ ತರಗತಿಯ ‘ಶಬ್ದ’ ಪಾಠಕ್ಕೆ ಇದನ್ನು ಹೀಗೆ ಬಳಸಬಹುದು.

ವಿಜ್ಞಾನದ ಮೇಷ್ಟ್ರ ಫೋನು, ಗಣಿತದ ಟೀಚರ ಫೋನು, ಎರಡರಲ್ಲೂ ಶಬ್ದಕ್ಕೆ ಸ್ಪಂದಿಸುವ ಸ್ಟಾಪ್‌ವಾಚ್ ತೆರೆದು, ಕಾರಿಡಾರಿನಲ್ಲಿ ಟೇಪು ಹಿಡಿದು ಸರಿಯಾಗಿ 5 ಮೀಟರ್ ದೂರದಲ್ಲಿ ಇಡಿ. ಒಬ್ಬ ಹುಡುಗ ಮೊದಲ ಫೋನಿನ ಪಕ್ಕ ಚಪ್ಪಾಳೆ ತಟ್ಟುತ್ತಾನೆ. ಆ ಫೋನು ತಕ್ಷಣ ಎಣಿಸತೊಡಗುತ್ತದೆ, ಶಬ್ದ 5 ಮೀಟರ್ ದಾಟಿದ ಮೇಲೆ ಎರಡನೆಯದು. ಈಗ ಎರಡನೇ ಫೋನಿನ ಪಕ್ಕ ನಿಂತ ಹುಡುಗಿಯ ಚಪ್ಪಾಳೆ. ಅದು ಕೂಡಲೇ ನಿಲ್ಲುತ್ತದೆ, ಮೊದಲಿನದು ಸ್ವಲ್ಪ ತಡವಾಗಿ. ಎರಡು ಫೋನಿನ ಸಮಯವನ್ನು ಕಳೆದರೆ ಉಳಿಯುವುದು ಶಬ್ದ 5 ಮೀಟರ್ ಹೋಗಿ 5 ಮೀಟರ್ ಬರಲು ಬೇಕಾದ ಕಾಲ, ಸುಮಾರು 0.029 ಸೆಕೆಂಡ್. ಹತ್ತನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ 344 ಮೀಟರಿನ ಆಸುಪಾಸು, ಪುಸ್ತಕದಲ್ಲಿ 22 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟ ಬೆಲೆಯೇ ಬರುತ್ತದೆ. ಪಕ್ಕದ ಕ್ಲಾಸಿನ ಗಲಾಟೆಗೆ ಫೋನು ಮೋಸಹೋಗದಂತೆ ಶಬ್ದದ ಮಟ್ಟವನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಪುಸ್ತಕದ ಸಂಖ್ಯೆಯನ್ನು ತಮ್ಮ ಶಾಲೆಯ ಕಾರಿಡಾರಿನಲ್ಲಿ ತಾವೇ ಹಿಡಿದ ಮಕ್ಕಳ ಮುಖ ನೋಡಿದವರಿಗೆ ಈ ತಯಾರಿ ಭಾರವಾಗುವುದಿಲ್ಲ.

ಆಕಾಶಕ್ಕೆ ‘ಸ್ಟೆಲೇರಿಯಮ್’ ಇದೆ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಬೇಡ. ನಿಮ್ಮೂರಿನ ಹೆಸರು, ಬೇಕಾದ ತಾರೀಕು, ಹೊತ್ತು ಕೊಟ್ಟರೆ ಆ ಕ್ಷಣದ ಬಾನು ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ನಾಳೆ ಸಂಜೆ ಶುಕ್ರ ಎಲ್ಲಿರುತ್ತಾನೆ ಎಂದು ತೋರಿಸುವುದು ಸರಿಯೇ. ಅದಕ್ಕಿಂತ ಒಳ್ಳೆಯ ಪಾಠವೊಂದು ನಮ್ಮ ರಾಜ್ಯದ ನೆನಪಿನಲ್ಲೇ ಇದೆ. ಸ್ಥಳ ರಾಯಚೂರು ಅಥವಾ ಅಂಕೋಲಾ, ದಿನ 1980ರ ಫೆಬ್ರುವರಿ 16, ಹೊತ್ತು ಮಧ್ಯಾಹ್ನ ಮೂರೂವರೆ. ಅಲ್ಲಿಂದ ಗಡಿಯಾರವನ್ನು ನಿಧಾನವಾಗಿ ಓಡಿಸಿ. ನಾಲ್ಕು ಗಂಟೆಯೊಳಗೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುತ್ತಾನೆ, ಹಗಲಿನ ಆಕಾಶದಲ್ಲಿ ಚುಕ್ಕಿ ಮೂಡುತ್ತದೆ. ಕರಾವಳಿಯಿಂದ ಹುಬ್ಬಳ್ಳಿ ಹಾದು ರಾಯಚೂರಿನತ್ತ ನೆರಳು ಓಡಿದ ಪೂರ್ಣ ಸೂರ್ಯಗ್ರಹಣ ಅದು. ಮಕ್ಕಳಿಗೆ ಮನೆಗೆಲಸವಾಗಿ, ಅಜ್ಜ ಅಜ್ಜಿಯರನ್ನು ಅವತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿಕೊಂಡು ಬರಲು ಹೇಳಿ. ಬಾಗಿಲು ಹಾಕಿಕೊಂಡು ಒಳಗೆ ಕೂತವರು, ಕದ್ದು ನೋಡಿದವರು, ಕೊಟ್ಟಿಗೆಗೆ ಮರಳಿದ ದನಗಳನ್ನು ಕಂಡವರು, ಎಲ್ಲರ ಕಥೆಯೂ ಮಾರನೇ ದಿನ ತರಗತಿಗೆ ಬರುತ್ತದೆ. ಕರಾವಳಿ, ಕೊಡಗಿನ ಶಾಲೆಗಳಿಗೆ 2019ರ ಡಿಸೆಂಬರ್ 26ರ ಕಂಕಣ ಗ್ರಹಣವಿದೆ. ಅದು ಮಂಗಳೂರಿನಲ್ಲಿ ಕಂಡಿತ್ತು.

ಕನ್ನಡದ ಪೀರಿಯಡ್

ಭಾಷಾ ಶಿಕ್ಷಕರಿಗೆ ಈ ಸಲಕರಣೆಗಳ ಸುದ್ದಿ ಮುಟ್ಟುವುದೇ ಕಡಿಮೆ. ತರಬೇತಿ ಎಂದರೆ ವಿಜ್ಞಾನ, ಗಣಿತದವರಿಗೆ ಎಂಬ ರೂಢಿ ಬಿದ್ದಿದೆ. ಕನ್ನಡಕ್ಕೆಂದೇ ಆಗಿರುವ ಕೆಲಸ ಕಡಿಮೆಯೇನಲ್ಲ. ಓ. ಎಲ್. ನಾಗಭೂಷಣ ಸ್ವಾಮಿ, ಓಂಶಿವಪ್ರಕಾಶ್ ಮತ್ತು ಗೆಳೆಯರು ಕಟ್ಟಿದ ‘ವಚನ ಸಂಚಯ’ದಲ್ಲಿ 20,000ಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದವನ್ನು ಬೇಕಾದರೂ ಹುಡುಕಬಹುದು. ಎಂಟನೇ ತರಗತಿಯಲ್ಲಿ ವಚನದ ಪಾಠವಿದೆ ಎಂದುಕೊಳ್ಳಿ. ‘ಬಯಲು’ ಎಂಬ ಪದವನ್ನು ಬಸವಣ್ಣ ಹೆಚ್ಚು ಬಳಸಿದ್ದಾರೋ ಅಲ್ಲಮನೋ ಅಕ್ಕನೋ? ಮೊದಲು ಮಕ್ಕಳು ಊಹಿಸಲಿ, ಊಹೆಗೆ ಕಾರಣ ಕೊಡಲಿ. ಆಮೇಲೆ ಹುಡುಕಿ, ಎಣಿಸಿ. ‘ಕಾಯಕ’ ಎಂದು ಹುಡುಕಿದರೆ ಆಯ್ದಕ್ಕಿ ಮಾರಯ್ಯನಂಥವರ ಮಾತುಗಳು ಪುಸ್ತಕದ ಆಯ್ದ ಎರಡು ವಚನಗಳಾಚೆ ತೆರೆದುಕೊಳ್ಳುತ್ತವೆ. ಸಂಶೋಧಕರು ವರ್ಷಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸದ ರುಚಿ ಹದಿಮೂರರ ಮಕ್ಕಳಿಗೆ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಪದಗಳ ಅರ್ಥಕ್ಕೆ ‘ಅಲರ್’ ಇದೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯೂ ನಿಘಂಟುಗಳ ದೊಡ್ಡ ಭಂಡಾರ.

ಕಿರಿಯ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’. ಬೆಂಗಳೂರಿನ ಈ ಸಂಸ್ಥೆ 2015ರಲ್ಲಿ ತೆರೆದ ಕಥೆಗಳ ಕಣಜದಲ್ಲಿ ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಚಿತ್ರಕಥೆಗಳು ಕನ್ನಡದಲ್ಲೂ ಹೇರಳವಾಗಿವೆ. ಟಿವಿಯಲ್ಲಿ ತೋರಿಸಿ ಓದಿಸುವುದಷ್ಟೇ ಅಲ್ಲ, ಇಳಿಸಿಕೊಂಡು ಮುದ್ರಿಸಬಹುದು, ಚಿತ್ರ ಹಾಗೇ ಇಟ್ಟು ಮಾತು ಬದಲಿಸಬಹುದು, ಅದನ್ನು ಮತ್ತೆ ಪ್ರಕಟಿಸಲೂಬಹುದು. ಪರವಾನಗಿಯೇ ಅಷ್ಟು ಉದಾರ. ಕೋಲಾರ, ಪಾವಗಡಗಳ ಎಷ್ಟೋ ಮನೆಗಳಲ್ಲಿ ತೆಲುಗು, ಬೆಳಗಾವಿಯ ಗಡಿಯಲ್ಲಿ ಮರಾಠಿ. ಅಂಥ ಮಗು ಒಂದೇ ಕಥೆಯನ್ನು ಮನೆಮಾತಿನಲ್ಲೂ ಕನ್ನಡದಲ್ಲೂ ಓದಿದರೆ ಒಂದನೇ ತರಗತಿಯ ಹೊಸ್ತಿಲು ಅಷ್ಟು ಎತ್ತರ ಅನ್ನಿಸುವುದಿಲ್ಲ. ಕಥೆಯನ್ನು ತಮ್ಮೂರ ಕನ್ನಡಕ್ಕೆ ತಿರುಗಿಸಿ ಬರೆಯಲು ಐದನೇ ತರಗತಿಯವರಿಗೆ ಕೊಡಿ, ಧಾರವಾಡದ ಮಗುವಿನ ಕಥೆ ಕುಂದಾಪುರದ ಮಗುವಿನದಕ್ಕಿಂತ ಎಷ್ಟು ಬೇರೆಯಾಗುತ್ತದೆ ನೋಡಿ.

ಒಂದು ತಾಂತ್ರಿಕ ಕಿರಿಕಿರಿಯನ್ನು ಇಲ್ಲೇ ಹೇಳಿಬಿಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಶ್ನೆಪತ್ರಿಕೆಯನ್ನು ಗೂಗಲ್ ಫಾರ್ಮ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಎಷ್ಟೋ ಶಿಕ್ಷಕರು ಇಲ್ಲೇ ಕೈಚೆಲ್ಲುತ್ತಾರೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಂತೆ ಕಂತೆ ಹಳೆಯ ಪ್ರಶ್ನೆಗಳಿಗೆ ಮರುಜೀವ ಬರುತ್ತದೆ. ಹೊಸದಾಗಿ ಬರೆಯುವುದನ್ನು ಮಾತ್ರ ಮೊದಲಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ.

ಉಚಿತದ ಆಯಸ್ಸು

2017ರ ಶಿಕ್ಷಕರ ದಿನದಂದು ಶುರುವಾದ ‘ದೀಕ್ಷಾ’ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ಪುಟದಲ್ಲಿರುವ ಕ್ಯುಆರ್ ಕೋಡಿಗೆ ಮೊಬೈಲ್ ಹಿಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಖಾನ್ ಅಕಾಡೆಮಿಯ ಗಣಿತವೂ ಕನ್ನಡದಲ್ಲಿದೆ. ಇವು ತಯಾರಿಗೆ, ಪುನರಾವರ್ತನೆಗೆ ಒಳ್ಳೆಯವು. ಆದರೆ ಪೀರಿಯಡ್ ಪೂರ್ತಿ ಇವನ್ನೇ ಓಡಿಸಿದರೆ ಮಕ್ಕಳು ಪ್ರೇಕ್ಷಕರಾಗುತ್ತಾರೆ.

ಕಂಪನಿಗಳು ಪುಕ್ಕಟೆ ಕೊಟ್ಟದ್ದನ್ನು ಬೇಕೆಂದಾಗ ಹಿಂದಕ್ಕೆ ಪಡೆಯುತ್ತವೆ. ಗೂಗಲ್‌ನ ‘ಜ್ಯಾಮ್‌ಬೋರ್ಡ್’ ಬಿಳಿಹಲಗೆ ಎಷ್ಟೋ ಶಿಕ್ಷಕರಿಗೆ ಅಚ್ಚುಮೆಚ್ಚಾಗಿತ್ತು, 2024ರ ಕೊನೆಗೆ ಬಾಗಿಲು ಹಾಕಿತು. ಜಿಯೊಜೀಬ್ರವನ್ನು 2021ರಲ್ಲಿ ಬೈಜೂಸ್ ಕೊಂಡಾಗ ಗಣಿತ ಶಿಕ್ಷಕರು ಗಾಬರಿಗೊಂಡಿದ್ದರು. ಆ ಕಂಪನಿ ಬಿದ್ದರೂ ಜಿಯೊಜೀಬ್ರ ಉಳಿದಿದೆ. ಕಡತ ಇಳಿಸಿಕೊಳ್ಳಲು ಬಿಡುವ, ತಿದ್ದಲು ಹಂಚಲು ಪರವಾನಗಿ ಕೊಡುವ ಸಲಕರಣೆಯ ಮೇಲೆಯೇ ನಿಮ್ಮ ಪಾಠ ಯೋಜನೆ ನಿಲ್ಲಲಿ ಎಂಬ ನನ್ನ ಹಟ ಈ ಕಾರಣಕ್ಕೆ.

ಮಕ್ಕಳ ಹೆಸರು, ಫೋಟೊ, ತಂದೆಯ ಮೊಬೈಲ್ ನಂಬರು ಕೇಳುವ ಆ್ಯಪ್ ಕಂಡರೆ ಹಿಂದೆ ಸರಿಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪ್ಲಿಕರ್ಸ್‌ನಂಥ ಕಡೆ ಹೆಸರಿನ ಜಾಗದಲ್ಲಿ ಹಾಜರಿ ಸಂಖ್ಯೆ ಹಾಕಿದರೆ ಕೆಲಸ ನಡೆಯುತ್ತದೆ. ಇನ್ನು ಪಾಠ ಯೋಜನೆಯನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು. ಒಂದೇ ಲೆಕ್ಕಕ್ಕೆ ಹತ್ತು ಹೊಸ ರೂಪ ಬೇಕಾದಾಗ ಅವು ಒದಗುತ್ತವೆ. ಆದರೆ ಕನ್ನಡ ಕವಿಯ ಹೆಸರಿಗೆ ಯಾರದೋ ಕೃತಿಯನ್ನು ಅಂಟಿಸುವುದನ್ನೂ, ಪಠ್ಯದಲ್ಲಿಲ್ಲದ ಪಾರಿಭಾಷಿಕ ಪದವನ್ನು ಹುಟ್ಟಿಸುವುದನ್ನೂ ಮಾಡುತ್ತವೆ. ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡದೆ ಮಕ್ಕಳ ಮುಂದೆ ಇಡಬೇಡಿ.

ಸಲಕರಣೆಗಳಿಗೆ ಬರವಿಲ್ಲ, ಕೊರತೆ ಇರುವುದು ಕನ್ನಡದ ಅನುವಾದದಲ್ಲಿ. ಫೆಟ್‌ನ ಹಲವು ಪ್ರಯೋಗಗಳು ಕನ್ನಡಕ್ಕೆ ಬಂದಿವೆ, ಎಲ್ಲವೂ ಬಂದಿಲ್ಲ. ಅನುವಾದಿಸಲು ಅವರು ಸ್ವಯಂಸೇವಕರಿಗೆ ಆನ್‌ಲೈನ್ ಸೌಲಭ್ಯ ಕೊಡುತ್ತಾರೆ, ಕೋಡಿಂಗ್ ಬರಬೇಕಿಲ್ಲ. ಒಂದು ಪ್ರಯೋಗದ ಪರದೆಯಲ್ಲಿ ಇರುವುದು ಬಿಡಿ ಪದಗಳು, ಸಣ್ಣ ವಾಕ್ಯಗಳು. ‘ರೋಧಕ’, ‘ವಿಭವಾಂತರ’, ‘ಸಮಾಂತರ ಜೋಡಣೆ’ಗಳನ್ನು ದಿನವೂ ಬಾಯಲ್ಲಿ ಆಡುವ ಪ್ರೌಢಶಾಲೆಯ ಶಿಕ್ಷಕರಿಗಿಂತ ಇದಕ್ಕೆ ಬೇರೆ ತಜ್ಞರು ಬೇಕಿಲ್ಲ. ತಾಲ್ಲೂಕಿಗೆ ಒಬ್ಬರು ಬೇಸಗೆ ರಜೆಯಲ್ಲಿ ಒಂದೊಂದನ್ನು ಕೈಗೆತ್ತಿಕೊಂಡರೂ ಉಳಿದ ಪ್ರಯೋಗಗಳೆಲ್ಲ ಒಂದೇ ರಜೆಯಲ್ಲಿ ಕನ್ನಡಕ್ಕೆ ಬರುತ್ತವೆ.